ಸುರಪುರದಲ್ಲಿ ಹನ್ನೆರಡು ವರ್ಷ

ಸುರಪುರದ ಟೇಲರ್ ಮಂಜಿಲನ್ನು ಆ ಭಾಗದ ಮಕ್ಕಳಲ್ಲಿ ಅನೇಕರು ನೋಡಿರುತ್ತಾರೆ. ಆದರೆ ಅದನ್ನು ಕಟ್ಟಿಸಿದವನು ಯಾರು, ಅಲ್ಲಿ ಅವನ ದಿನಗಳು ಹೇಗೆ ಕಳೆದವು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಪರದೇಶಕ್ಕೆ ಹೋಗಿ ವರ್ಷಗಟ್ಟಲೆ ಇದ್ದು ಅಲ್ಲಿನ ಜನರ ನಡುವೆ ಕೆಲಸ ಮಾಡುವುದು ನಮ್ಮ ಕಾಲದವರಿಗೆ ಹೊಸದಲ್ಲ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದ ಹಳ್ಳಿಗಳಲ್ಲಿದ್ದರು. ಅವರಿಗೆ ಮೊದಲೇ ಭಾಷೆ ಕಲಿಸಿ, ಎರಡು ವರ್ಷದ ಗಡುವು ಹಾಕಿ ಕಳಿಸುತ್ತಿದ್ದರು. ಫಿಲಿಪ್ ಮೆಡೋಸ್ ಟೇಲರ್‌ಗೆ ಇವೆರಡೂ ಇರಲಿಲ್ಲ. ಹಾಗೆಂದು ಅವನನ್ನು ಸ್ವಯಂಸೇವಕ ಎನ್ನುವುದೂ ತಪ್ಪಾದೀತು. ಅವನು ಸಂಬಳದ ಅಧಿಕಾರಿ. ಆದರೂ ಹೊರನಾಡಿನಲ್ಲಿ ಒಬ್ಬಂಟಿಯಾಗಿ ಬದುಕುವುದೆಂದರೇನು ಎಂದು ತಿಳಿಯಲು ಯಾದಗಿರಿ ಸೀಮೆಯಲ್ಲಿ ಅವನಿಗಿಂತ ಒಳ್ಳೆಯ ಉದಾಹರಣೆ ಸಿಗದು.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್, ಹದಿನೈದರ ವಯಸ್ಸಿನಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಗುಮಾಸ್ತನಾಗಲೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ವರ್ತಕನೇ ಸಂಕಟದಲ್ಲಿದ್ದ! ಬಂಧುವೊಬ್ಬರ ನೆರವಿನಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. 1841ರಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅರಮನೆಯಲ್ಲಿ ಅಧಿಕಾರಕ್ಕಾಗಿ ಜಗಳ, ಸಂಸ್ಥಾನದ ಮೇಲೆ ಸಾಲದ ಹೊರೆ. ಇದನ್ನು ಸರಿಪಡಿಸಲು ಟೇಲರ್‌ನನ್ನು ಕಳಿಸಲಾಯಿತು. 1853ರವರೆಗೆ ಅವನು ಅಲ್ಲೇ ಉಳಿದ.

ಭೂಮಾಪನ, ಎಂಜಿನಿಯರಿಂಗ್, ಕಾನೂನು, ಭೂವಿಜ್ಞಾನ, ಸಸ್ಯಶಾಸ್ತ್ರ... ಇವುಗಳಲ್ಲಿ ಯಾವುದನ್ನೂ ಅವನು ಕಾಲೇಜಿನಲ್ಲಿ ಓದಿರಲಿಲ್ಲ. ಅಗತ್ಯ ಬಿದ್ದಾಗ ಪುಸ್ತಕ ತರಿಸಿ ಓದಿ ಕಲಿತ. ಲೆಕ್ಕಪತ್ರ, ಜಮೀನಿನ ತಕರಾರು, ರಸ್ತೆ, ಕೆರೆ ಎಲ್ಲವೂ ಅವನ ಮೇಜಿಗೇ ಬರುತ್ತಿದ್ದವು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಗೆ ಹೊಸ ರೂಪ ಕೊಟ್ಟವನು ಅವನೇ. ಕೆಲಸ ಮುಗಿದ ಮೇಲೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿ, ಊರಿನಲ್ಲಿದ್ದ ತಂದೆಗೆ ಪತ್ರ.

ಆ ಪತ್ರದ ಪ್ರಯಾಣವನ್ನು ಮಕ್ಕಳು ಭೂಪಟ ತೆರೆದು ನೋಡಬೇಕು. ಸುರಪುರದಿಂದ ಮುಂಬಯಿಗೆ ಟಪ್ಪಾಲು, ಅಲ್ಲಿಂದ ಸೂಯೆಜ್‌ಗೆ ಹಡಗು. ಕಾಲುವೆ ತೆರೆದದ್ದು 1869ರಲ್ಲಿ; ಅದಕ್ಕೂ ಮುಂಚೆ ಈಜಿಪ್ಟಿನ ಮರುಭೂಮಿಯನ್ನು ನೆಲದ ಮೇಲೆ ದಾಟಿ, ಮತ್ತೆ ಹಡಗು ಹಿಡಿಯಬೇಕಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಕೈಸೇರಲು ತಿಂಗಳುಗಳೇ ಬೇಕು. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡಾಗ ಸಾಂತ್ವನದ ಮಾತೂ ಅಷ್ಟೇ ತಡವಾಗಿ ಬಂದಿರಬೇಕು.

ಬಿಡುವಿನ ವೇಳೆಯಲ್ಲಿ ಟೇಲರ್ ಹಿಡಿದ ಹುಚ್ಚು ಮಾತ್ರ ವಿಜ್ಞಾನದ ವಿದ್ಯಾರ್ಥಿಗಳಿಗೆ ಖುಷಿ ಕೊಡುವಂಥದು. ರಾಜನಕೋಳೂರಿನ ಬಯಲಿನಲ್ಲಿ ದೊಡ್ಡ ಚಪ್ಪಡಿಗಳ ಕಲ್ಮನೆಗಳಿವೆ. ಕುಬ್ಜರಾದ ಮೋರ್ಯರು ಕಟ್ಟಿದ ಮನೆಗಳೆಂದು ಜನರ ನಂಬಿಕೆ. ಟೇಲರ್ ಅವನ್ನು ಅಳೆದು ಚಿತ್ರ ಬರೆದ. ಭೀಮಾ ತೀರದ ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಸಿದಾಗ, ಸಿಕ್ಕ ಮಡಕೆ-ಮೂಳೆಗಳನ್ನು ಬಾಚಿಕೊಂಡು ಹೋಗಲಿಲ್ಲ. ಮಣ್ಣು, ಕಲ್ಲು, ಬೂದಿಯ ಪದರಗಳು ಒಂದರ ಕೆಳಗೊಂದು ಎಷ್ಟು ಆಳದಲ್ಲಿವೆ, ಯಾವ ಪದರದಲ್ಲಿ ಏನಿತ್ತು ಎಂಬುದನ್ನು ಸೀಳುನೋಟದ ಚಿತ್ರವಾಗಿ ದಾಖಲಿಸಿದ. ಅಗೆದ ಮೇಲೆ ಪದರ ಉಳಿಯುವುದಿಲ್ಲ, ಚಿತ್ರವಷ್ಟೇ ಸಾಕ್ಷಿ. ಸುಮಾರು ನೂರು ವರ್ಷಗಳ ಬಳಿಕ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿ, ಅವು ತಮ್ಮ ಕಾಲಕ್ಕಿಂತ ಮುಂದಿದ್ದವೆಂದು ಹೇಳಿದ.

ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ ಅವನು ಗಮನಿಸಿದ್ದ. ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಆ ಸಾಲುಗಳು ಹೊಂದುತ್ತವೆಂದು ಈ ಶತಮಾನದ ಸಂಶೋಧಕರು ತೋರಿಸಿದ್ದಾರೆ. ಅಂಥ ಕಲ್ಲುಗಳನ್ನು ಕಟ್ಟಡಕ್ಕೆ ಒಡೆದು ಒಯ್ಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಬಾಲಕ ದೊರೆ ಟೇಲರ್‌ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆದರೆ ಈ ಅಪ್ಪ ಹೈದರಾಬಾದಿನ ಇಂಗ್ಲಿಷ್ ರೆಸಿಡೆಂಟನ ಅಪ್ಪಣೆಗೆ ಒಳಪಟ್ಟವನು. ಕೆರೆ ಕಟ್ಟಿಸಿದ ಕೈಯೇ ಪರರ ಆಡಳಿತವನ್ನು ಸುರಪುರದಲ್ಲಿ ಬೇರೂರಿಸುತ್ತಿತ್ತು. ದೊರೆಗೆ ಪ್ರಾಯ ಬಂದಾಗ, 1853ರಲ್ಲಿ, ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ಹೋದ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಹೋರಾಡಿ ಸೋತು, ಸೆರೆಯಾದ. ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಜೊತೆಗಾರರ ಹೆಸರು ಹೇಳಿದರೆ ಪ್ರಾಣ ಉಳಿದೀತು ಎಂಬ ಆಸೆಗೆ ಯುವಕ ಬಗ್ಗಲಿಲ್ಲ. ಮರಣದಂಡನೆಯನ್ನು ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಸಿದರು. ಆದರೆ ಮದರಾಸಿನ ಕಡೆಗೆ ಒಯ್ಯುವಾಗ, ದಾರಿಯ ಬಿಡಾರದಲ್ಲಿ, ದೊರೆ ಪಿಸ್ತೂಲಿನ ಗುಂಡಿಗೆ ಬಲಿಯಾದ. ಆತ್ಮಹತ್ಯೆಯೋ ಆಕಸ್ಮಿಕವೋ ಕೊಲೆಯೋ ಎಂಬ ಜಿಜ್ಞಾಸೆ ನಿಂತಿಲ್ಲ. ಇಪ್ಪತ್ನಾಲ್ಕರೊಳಗೆ ಸಾವೆಂದು ಜಾತಕದಲ್ಲಿತ್ತೆಂದು ಟೇಲರ್ ಬರೆದಿದ್ದಾನೆ. ಪಿಸ್ತೂಲು ಅವನ ಕೈಗೆ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಜಾತಕದಲ್ಲಿ ಉತ್ತರವಿಲ್ಲ.

ಅದೇ ವರ್ಷ ಟೇಲರ್‌ನನ್ನು ಮತ್ತೆ ಸುರಪುರದ ಆಡಳಿತಕ್ಕೆ ಕಳಿಸಿದರು. ಎರಡು ವರ್ಷ ಇದ್ದು, ಆರೋಗ್ಯ ಕೆಟ್ಟು 1860ರಲ್ಲಿ ಸ್ವದೇಶಕ್ಕೆ ಮರಳಿದ. 1875ರಲ್ಲಿ ಸಾಲಾರ್ ಜಂಗರ ಆಹ್ವಾನದ ಮೇಲೆ ಹೈದರಾಬಾದಿಗೆ ಬಂದಾಗ ದೃಷ್ಟಿ ಹೋಗಿತ್ತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ಸತ್ತ. ಅವನ ಆತ್ಮಕಥೆಯನ್ನು ಮರುವರ್ಷ ಸಂಪಾದಿಸಿ ಹೊರತಂದವಳು ಮಗಳು ಆಲಿಸ್.