ಹತ್ತೂವರೆಯ ಒಗಟು, ಲೂಪ್ ಇಲ್ಲದ ಭಾಷೆ

ಡಿಸೆಂಬರ್ ತಿಂಗಳಲ್ಲಿ ಬೆಳಿಗ್ಗೆ ಹತ್ತೂವರೆಯ ಮೀಟಿಂಗಿಗೆ ನಿಮ್ಮ ತಂಡದ ಯಾರಾದರೂ ಕ್ಯಾಮೆರಾ ಆಫ್ ಮಾಡಿ ಕೂತರೆ, ಬರೀ ನೆಟ್‌ವರ್ಕ್ ಸಮಸ್ಯೆ ಅಂದುಕೊಳ್ಳಬೇಡಿ. ನಮಗೆ ಹತ್ತೂವರೆ ಎಂದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ನಡುರಾತ್ರಿ. ‘ಅಡ್ವೆಂಟ್ ಆಫ್ ಕೋಡ್’ನ ಆ ದಿನದ ಒಗಟು ತೆರೆದುಕೊಳ್ಳುವುದು ಆಗಲೇ.

ಎರಿಕ್ ವಾಸ್ಟಲ್ ಎಂಬ ಪ್ರೋಗ್ರಾಮರ್ 2015ರಲ್ಲಿ ಇದನ್ನು ಶುರು ಮಾಡಿದರು. ಕ್ರಿಸ್‌ಮಸ್‌ಗೆ ಮುನ್ನ ದಿನಕ್ಕೊಂದು ಪುಟ್ಟ ಕಿಟಕಿ ತೆರೆದು ಚಾಕಲೇಟ್ ತೆಗೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಮಾದರಿ. ಚಾಕಲೇಟ್ ಬದಲು ಒಗಟು. ಪ್ರತಿ ಒಗಟಿಗೂ ಎರಡು ಭಾಗ. ಮೊದಲನೆಯದನ್ನು ಬಿಡಿಸಿದ ಮೇಲಷ್ಟೇ ಎರಡನೆಯದು ಕಾಣುತ್ತದೆ. ಯಾವ ಭಾಷೆಯಲ್ಲಿ ಬರೆದಿರಿ ಎಂದು ಯಾರೂ ಕೇಳುವುದಿಲ್ಲ, ಉತ್ತರ ಕೊಟ್ಟರೆ ಸಾಕು. ಈ ಸ್ವಾತಂತ್ರ್ಯದಿಂದಾಗಿಯೇ ವರ್ಷವಿಡೀ ಜಾವಾ ಬರೆಯುವ ಎಷ್ಟೋ ಮಂದಿ ಡಿಸೆಂಬರಿನಲ್ಲಿ ಹ್ಯಾಸ್ಕೆಲ್ ಕಡೆ ತಿರುಗುತ್ತಾರೆ. ನಾನೂ ಅವರಲ್ಲೊಬ್ಬ.

ಹ್ಯಾಸ್ಕೆಲ್ ಫಂಕ್ಷನಲ್ ಭಾಷೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿನದು, 1990ರಲ್ಲಿ ಮೊದಲ ರೂಪ ಪಡೆಯಿತು. ಇದರಲ್ಲಿ ಫಾರ್ ಲೂಪ್ ಇಲ್ಲ. ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಅದನ್ನು ಬದಲಿಸುವಂತಿಲ್ಲ. ಕೇಳಿದವರಿಗೆ ಇದು ಕೈಕಟ್ಟಿ ಅಡುಗೆ ಮಾಡು ಎಂದಂತೆ ಅನಿಸುತ್ತದೆ.

2015ರ ಮೊದಲ ದಿನದ ಒಗಟನ್ನೇ ನೋಡಿ. ಸಾಂಟಾ ಒಂದು ಕಟ್ಟಡದಲ್ಲಿದ್ದಾನೆ. ತೆರೆಯುವ ಆವರಣ ಚಿಹ್ನೆ ಬಂದರೆ ಒಂದು ಮಹಡಿ ಮೇಲಕ್ಕೆ, ಮುಚ್ಚುವ ಚಿಹ್ನೆ ಬಂದರೆ ಕೆಳಕ್ಕೆ. ಕೊನೆಗೆ ಎಷ್ಟನೇ ಮಹಡಿ? ಲೂಪ್ ಮನಸ್ಸು ಎಣಿಕೆಗೊಂದು ಡಬ್ಬಿ ಇಟ್ಟು ಕೂಡಿಸುತ್ತ, ಕಳೆಯುತ್ತ ಹೋಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಪ್ರತಿ ಚಿಹ್ನೆಯನ್ನೂ ಒಂದು ಅಥವಾ ಮೈನಸ್ ಒಂದು ಮಾಡಿ, ಒಟ್ಟು ಹಾಕಿದರೆ ಮುಗಿಯಿತು. ಎರಡನೇ ಭಾಗದಲ್ಲಿ, ಅವನು ಮೊದಲ ಬಾರಿ ನೆಲಮಾಳಿಗೆಗೆ ಇಳಿದದ್ದು ಎಷ್ಟನೇ ಚಿಹ್ನೆಗೆ ಎಂಬ ಪ್ರಶ್ನೆ. ಒಟ್ಟು ಹಾಕುವ ಫೋಲ್ಡ್ ತೆಗೆದು ಸ್ಕ್ಯಾನ್ ಹಾಕಿದರೆ, ಕೊನೆಯ ಮೊತ್ತದ ಬದಲು ಪ್ರತಿ ಹೆಜ್ಜೆಯ ಮೊತ್ತವೂ ಸಾಲಾಗಿ ಸಿಗುತ್ತದೆ. ಅದರಲ್ಲಿ ಮೊದಲ ಮೈನಸ್ ಒಂದು ಎಲ್ಲಿದೆ ಎಂದು ಹುಡುಕಿದರಾಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 2021ರ ಆರನೇ ದಿನದ ಮೀನಿನ ಒಗಟು. ಪ್ರತಿ ಮೀನಿಗೂ ಒಂದು ಅಂಕಿ, ಅದು ದಿನಕ್ಕೊಂದರಂತೆ ಇಳಿಯುತ್ತದೆ. ಸೊನ್ನೆಯಲ್ಲಿದ್ದ ಮೀನು ಮರುದಿನ ಆರಕ್ಕೆ ಹೋಗಿ, ಎಂಟು ಅಂಕಿಯ ಮರಿ ಹಾಕುತ್ತದೆ. ಉದಾಹರಣೆಗೆ ಕೊಟ್ಟ ಐದು ಮೀನು 80 ದಿನದಲ್ಲಿ 5,934 ಆಗುತ್ತವೆ. ಪಟ್ಟಿಗೆ ಮರಿ ಸೇರಿಸುತ್ತ ಹೋದರೂ ಇಷ್ಟು ಲೆಕ್ಕ ಸಿಗುತ್ತದೆ. ಎರಡನೇ ಭಾಗ 256 ದಿನ ಕೇಳುತ್ತದೆ. ಉತ್ತರ 2,698 ಕೋಟಿಗೂ ಹೆಚ್ಚು! ಲ್ಯಾಪ್‌ಟಾಪಿನ ಫ್ಯಾನ್ ಕೂಗಿಕೊಂಡು ಸುಮ್ಮನಾಗುತ್ತದೆ.

ಒಂದೊಂದು ಮೀನನ್ನೂ ನೆನಪಿಡುವ ಅಗತ್ಯವೇ ಇಲ್ಲ. ಸೊನ್ನೆಯಿಂದ ಎಂಟರವರೆಗೆ, ಯಾವ ಅಂಕಿಯಲ್ಲಿ ಎಷ್ಟು ಮೀನಿವೆ ಎಂಬ ಒಂಬತ್ತು ಸಂಖ್ಯೆಗಳು ಸಾಕು. ದಿನ ಕಳೆದಂತೆ ಸಾಲನ್ನು ಒಂದು ಮನೆ ಸರಿಸುವುದು, ಮುಂದಿದ್ದದ್ದನ್ನು ಹಿಂದಕ್ಕೆ ಹಾಕಿ ಆರನೇ ಮನೆಗೂ ಕೂಡಿಸುವುದು. ಹ್ಯಾಸ್ಕೆಲ್‌ನ ಸೋಮಾರಿತನ ಇಲ್ಲಿ ಸೊಗಸು. ಬೇಕಾದಾಗ ಮಾತ್ರ ಲೆಕ್ಕ ಮಾಡುವ ಭಾಷೆಯಾದ್ದರಿಂದ, ಕೊನೆಯಿಲ್ಲದ ದಿನಗಳ ಪಟ್ಟಿಯನ್ನೇ ಬರೆದಿಟ್ಟು 80ನೆಯದನ್ನು, ಆಮೇಲೆ 256ನೆಯದನ್ನು ಕೇಳಬಹುದು.

ನಾರಾಯಣ ಪಂಡಿತ 1356ರ ‘ಗಣಿತ ಕೌಮುದಿ’ಯಲ್ಲಿ ಇದೇ ಜಾತಿಯ ಲೆಕ್ಕ ಕೊಟ್ಟಿದ್ದಾನೆ. ಹಸು ವರ್ಷಕ್ಕೊಂದು ಕರು ಹಾಕುತ್ತದೆ, ಆ ಕರು ನಾಲ್ಕನೇ ವರ್ಷದಿಂದ ತಾನೂ ಹಾಕುತ್ತದೆ, 20 ವರ್ಷಕ್ಕೆ ಎಷ್ಟು? 2,745. ಅವನೂ ಒಂದೊಂದೇ ಹಸುವನ್ನು ಎಣಿಸಲಿಲ್ಲ.

ಎಲ್ಲ ಒಗಟಿಗೂ ಹ್ಯಾಸ್ಕೆಲ್ ಹೊಂದುತ್ತದೆ ಎಂದು ಹೇಳಲಾರೆ. ದೊಡ್ಡ ಚೌಕಳಿಯೊಳಗೆ ಸುತ್ತಾಡುತ್ತ, ಹೆಜ್ಜೆಹೆಜ್ಜೆಗೂ ಗುರುತು ಹಾಕುವ ಒಗಟುಗಳಲ್ಲಿ ಪೈಥಾನ್ ಗೆಳೆಯರು ಟೀ ಕುಡಿದು ಬಂದಿರುತ್ತಾರೆ, ನಾವು ಇನ್ನೂ ಟೈಪ್ ಎರರ್ ಓದುತ್ತಿರುತ್ತೇವೆ. ಆ ಸೋಮಾರಿತನವೂ ಕೆಲವೊಮ್ಮೆ ಮಾಡದ ಲೆಕ್ಕಗಳನ್ನೆಲ್ಲ ರಾಶಿ ಹಾಕಿ ಮೆಮೊರಿ ತಿಂದುಬಿಡುತ್ತದೆ.

ಈಗ ಬೇರೆಯದೇ ಪ್ರಶ್ನೆ ಎದ್ದಿದೆ. ಒಗಟನ್ನು ಎಐಗೆ ಅಂಟಿಸಿದರೆ, ನಾವು ಕಥೆ ಓದಿ ಮುಗಿಸುವ ಮೊದಲೇ ಉತ್ತರ ಬರುತ್ತದೆ. ಹಾಗೆ ಮಾಡಿ ಶ್ರೇಯಾಂಕ ಪಟ್ಟಿಗೆ ಏರಬೇಡಿ ಎಂದು ವಾಸ್ಟಲ್ ಕೇಳಿಕೊಂಡರು. 2025ರಲ್ಲಿ ಜಾಗತಿಕ ಪಟ್ಟಿಯನ್ನೇ ತೆಗೆದುಹಾಕಿ, ಒಗಟುಗಳನ್ನು 25 ದಿನದಿಂದ 12ಕ್ಕೆ ಇಳಿಸಿದರು. ಗೆಳೆಯರ ಖಾಸಗಿ ಪಟ್ಟಿಗಳು ಉಳಿದಿವೆ. ನನಗೆ ಇದು ಒಳ್ಳೆಯದೇ ಅನಿಸಿತು. ಕಚೇರಿಯಲ್ಲಿ ಈಗ ಕೋಡ್ ಬರೆಯುವುದಕ್ಕಿಂತ ಎಐ ಬರೆದದ್ದನ್ನು ಓದಿ ಒಪ್ಪುವುದೇ ಹೆಚ್ಚು. ಅದು ತಪ್ಪಿದೆ ಎಂದು ಹಿಡಿಯಬೇಕಾದರೆ, 256ನೇ ದಿನಕ್ಕೆ ಪಟ್ಟಿ ಸಾಲದು ಎಂಬುದು ನಮ್ಮ ತಲೆಗೆ ಮೊದಲೇ ಹೊಳೆಯಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಆ ಅಭ್ಯಾಸ ಎಲ್ಲಿ ಸಿಗುತ್ತದೆ ಎಂಬುದೇ ನನ್ನ ಚಿಂತೆ.

ಡಿಸೆಂಬರಿಗೆ ಕಾಯಬೇಕಿಲ್ಲ. 2015ರಿಂದ ಈಚಿನ ಒಗಟುಗಳೆಲ್ಲ ಹಾಗೇ ಇವೆ, ದುಡ್ಡು ಕೊಡಬೇಕಿಲ್ಲ. ಹ್ಯಾಸ್ಕೆಲ್ ಬೇಕಿದ್ದರೆ ‘ಜಿಎಚ್‌ಸಿ-ಅಪ್’ ಹಾಕಿಕೊಳ್ಳಿ. ಸಂಜೆ ಲೋಕಲ್‌ನಲ್ಲೋ ಮೆಟ್ರೋದಲ್ಲೋ ಒಗಟು ಓದಿಕೊಂಡು, ಮನೆ ಮುಟ್ಟುವವರೆಗೆ ಲ್ಯಾಪ್‌ಟಾಪ್ ತೆರೆಯದಿದ್ದರೆ ಇನ್ನೂ ಚೆನ್ನ. ಮೀನಿನ ಲೆಕ್ಕ ನನಗೆ ಹೊಳೆದದ್ದು ಸೀಟು ಸಿಗದೆ ನಿಂತಿದ್ದಾಗ.