ನಿಮಗಿದು ಗೊತ್ತೇ? ಬೌಲರ್ ಕೈಬಿಟ್ಟ ಚೆಂಡಿನ ಲೆಕ್ಕ

● ನವಲಗುಂದದ ಯರಿ ಹೊಲದಲ್ಲಿ ಕಡ್ಲಿ ಕಿತ್ತಾದ ಮೇಲೆ ಹುಡುಗರ ಕ್ರಿಕೆಟ್ ಶುರುವಾಯಿತೆಂದರೆ ‘ಇವಂದು ನೂರಾ ನಲವತ್ತು ಸ್ಪೀಡ್ ಐತಿ’ ಎಂಬ ವಾದ ತಪ್ಪಿದ್ದಲ್ಲ. ವಾದ ಮುಗಿಸಲು ಮೊಬೈಲ್ ಸಾಕು. ಸ್ಲೋಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು, ಪಿಚ್‌ನ ಮಗ್ಗುಲಿನಿಂದ ವಿಡಿಯೊ ಮಾಡಿ. ಚೆಂಡು ಕೈಬಿಟ್ಟಲ್ಲಿಂದ ಬ್ಯಾಟರ್‌ನ ಕ್ರೀಸ್ ಮುಟ್ಟುವವರೆಗೆ ಫ್ರೇಮ್ ಎಣಿಸಿ. ಕ್ರೀಸಿನಿಂದ ಕ್ರೀಸಿಗೆ 17.68 ಮೀಟರ್. 120 ಫ್ರೇಮ್ ಎಂದರೆ ಅರ್ಧ ಸೆಕೆಂಡು. ಸರಾಸರಿ ವೇಗ ಗಂಟೆಗೆ ಸುಮಾರು 127 ಕಿ.ಮೀ. ಒಂದು ಫ್ರೇಮ್ ಎಣಿಕೆ ತಪ್ಪಿದರೆ 1 ಕಿ.ಮೀ. ಏರುಪೇರು, ಅಷ್ಟೇ. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ವಿಡಿಯೊ ಆದರೆ ಅದೇ ತಪ್ಪು 8 ಕಿ.ಮೀ. ದಾಟುತ್ತದೆ!

● ಟಿವಿಯಲ್ಲಿ ಕಾಣುವ ವೇಗ ಚೆಂಡು ಕೈಬಿಟ್ಟ ಕ್ಷಣದ್ದು. ಆಮೇಲೆ ಗಾಳಿ ತಡೆದು, ನೆಲಕ್ಕೆ ಬಡಿದು ವೇಗ ಇಳಿಯುತ್ತದೆ. ಮೊಬೈಲ್ ಲೆಕ್ಕ ಹೇಳುವುದು ದಾರಿಯುದ್ದದ ಸರಾಸರಿ, ಹಾಗಾಗಿ ಅದು ಕಡಿಮೆಯೇ ಬರುತ್ತದೆ. ನಮ್ಮೂರ ಬೌಲರ್‌ಗಳು ಬೇಜಾರು ಮಾಡಿಕೊಳ್ಳಬೇಕಿಲ್ಲ.

● ಟಿವಿಗೆ ಈ ವೇಗ ಅಳೆದುಕೊಡುವ ಸ್ಪೀಡ್ ಗನ್ನಿನ ತತ್ವವೂ ಹೆದ್ದಾರಿಯಲ್ಲಿ ಪೊಲೀಸರು ಹಿಡಿಯುವ ರೇಡಾರ್‌ನ ತತ್ವವೂ ಒಂದೇ.

● ಯರಿ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಜೇಡಿ ಹೆಚ್ಚು. ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕಪ್ಪು ಮಣ್ಣಿನ ಪಿಚ್‌ನಲ್ಲಿ ಚೆಂಡು ಸಾಮಾನ್ಯವಾಗಿ ನಿಧಾನ, ತಗ್ಗು. ಕೆಂಪು ಮಣ್ಣಿನಲ್ಲಿ ಪುಟಿತ ಜಾಸ್ತಿ.

● ಚೆಂಡಿನ ಜಾಡು ಹಿಡಿಯುವ ‘ಹಾಕ್-ಐ’ ಮೊದಲು ಕಂಡದ್ದು 2001ರ ಮೇನಲ್ಲಿ, ಲಾರ್ಡ್ಸ್‌ನ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟ್‌ನಲ್ಲಿ, ಅದೂ ಟಿವಿ ನೋಡುಗರಿಗಾಗಿ. ಹಲವು ಕ್ಯಾಮೆರಾಗಳ ಚಿತ್ರ ಜೋಡಿಸಿ ಸಾಫ್ಟ್‌ವೇರ್ ಚೆಂಡಿನ ಜಾಗ ಗುರುತಿಸುತ್ತದೆ. ಪ್ಯಾಡಿಗೆ ಬಡಿಯುವವರೆಗಿನ ಗೆರೆ ಅಳತೆ ಮಾಡಿದ್ದು. ಅಲ್ಲಿಂದ ಸ್ಟಂಪಿಗೆ ಎಳೆಯುವ ಗೆರೆ ಅಂದಾಜು. ಅಂದಾಜು ಅಂಚಿಗೆ ಬಿದ್ದು ಅಂಪೈರ್ ತೀರ್ಪೇ ಉಳಿಯುವ ‘ಅಂಪೈರ್ಸ್ ಕಾಲ್’ ಬಂದಾಗ ಬೈಯುವ ಮುನ್ನ ಇದು ನೆನಪಿರಲಿ.

● ಗದಗಿನ ಸ್ಪಿನ್ನರ್ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ವಾಪಸ್ಸಾಗುತ್ತಿದ್ದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಎದುರಾಳಿ 117ಕ್ಕೆ ಗಂಟುಮೂಟೆ ಕಟ್ಟಿತು. ಹಾಕ್-ಐ ಆಗಿನ್ನೂ ಬಂದಿರಲಿಲ್ಲ. ಚೆಂಡು ಎಷ್ಟು ತಿರುಗಿತೆಂದು ಹೇಳಬೇಕಾದವರು ಎದುರಾಳಿ ಬ್ಯಾಟರ್‌ಗಳಾದ ಗಿಬ್ಸ್, ಕ್ರೋನಿಯೆ, ರೋಡ್ಸ್!

● ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅನಿಲ್ ಕುಂಬ್ಳೆ ತಮ್ಮ ಬೆಂಗಳೂರಿನ ಕಂಪನಿ ಸ್ಪೆಕ್ಟಾಕಾಮ್ ಮೂಲಕ 2018ರಲ್ಲಿ ಹೊಡೆತ ಅಳೆಯುವ ಸೆನ್ಸರ್ ಸ್ಟಿಕ್ಕರ್ ತಂದರು. ಅಂಟಿಸುವುದು ಚೆಂಡಿಗಲ್ಲ, ಬ್ಯಾಟಿನ ಹೆಗಲಿಗೆ. ಬೌಲರ್ ಆಗಿದ್ದವರು ಬ್ಯಾಟರ್‌ಗಳಿಗೆ ಮಾಡಿದ ಉಪಕಾರ ಎನ್ನೋಣವೇ?

● ಚೆಂಡಿನೊಳಗೇ ಚಿಪ್ ಇಟ್ಟದ್ದು ಕೂಕಬುರ್ರಾ ಕಂಪನಿಯ ‘ಸ್ಮಾರ್ಟ್‌ಬಾಲ್’. 2021ರ ಕೆರಿಬಿಯನ್ ಪ್ರೀಮಿಯರ್ ಲೀಗ್‌ನಲ್ಲಿ ಬಳಸಿದರು. ಕೈಬಿಟ್ಟಾಗಿನ ವೇಗ, ಪುಟಿಯುವ ಮುಂಚಿನ ವೇಗ, ಪುಟಿದ ಮೇಲಿನ ವೇಗ, ಎಷ್ಟು ಸುತ್ತು ತಿರುಗಿತು ಎಲ್ಲವನ್ನೂ ಅದು ಹೇಳುತ್ತದೆ.

● ಚೆಂಡು ಎಸೆಯುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ‘ಚಕ್ಕಿಂಗ್’. ಬರಿಗಣ್ಣಿಗೆ ಇದು ಸಿಗುವುದಿಲ್ಲ. ಬೌಲರ್‌ನ ಮೈಗೆ ಗುರುತು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ಅಳೆಯುತ್ತಾರೆ. ಭಾರತದಲ್ಲಿ ಐಸಿಸಿ ಮಾನ್ಯತೆ ಪಡೆದ ಅಂಥ ಪ್ರಯೋಗಾಲಯ ಇರುವುದು ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ.