ಪಹಣಿಯಲ್ಲಿ ಬೆಳೆಯ ನೋಂದಣಿಯೂ ಗ್ರಾಮಸಭೆಯ ಕರ್ತವ್ಯವೂ

ಚಿತ್ತಾಪುರ ತಾಲೂಕಿನ ರಾವೂರ ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಯಾವ ಹೊಲದಲ್ಲಿ ಯಾವ ಪೈರು ನಿಂತಿರುವುದೆಂಬುದು ಊರವರೆಲ್ಲರಿಗೂ ಗೊತ್ತಿರುವ ಸಂಗತಿಯು. ಬದುವಿನ ಮೇಲೆ ನಡೆದುಹೋಗುವ ಹುಡುಗನೂ ಇದು ತೊಗರಿ, ಅದು ಹೆಸರು, ಆಚೆಯದು ಹತ್ತಿ ಎಂದು ಹೇಳಬಲ್ಲನು. ಆದರೆ ಅದೇ ಹೊಲದ ಬೆಳೆಯು ಸರಕಾರಿ ದಫ್ತರದಲ್ಲಿ ಏನೆಂದು ದಾಖಲಾಗಿರುವುದೆಂದು ಕೇಳಿದರೆ ಹೊಲದ ಒಡೆಯನೇ ಅನೇಕ ವೇಳೆ ಉತ್ತರ ಕೊಡಲಾರನು. ಊರು ಬಲ್ಲುದನ್ನು ದಫ್ತರವು ಅರಿಯದೆ, ದಫ್ತರವು ಬರೆದುದನ್ನು ಊರು ನೋಡದೆ ಇರುವ ಈ ಅಂತರದಿಂದ ರೈತವರ್ಗಕ್ಕೆ ಉಂಟಾಗುವ ನಷ್ಟವು ಅಲ್ಪವಲ್ಲ.

ಪಹಣಿ ಎಂಬ ಶಬ್ದಕ್ಕೆ ಮರಾಠಿಯಲ್ಲಿ ಕಣ್ಣಿನಿಂದ ನೋಡಿ ಪರೀಕ್ಷಿಸುವುದೆಂದು ಅರ್ಥವು. ಹೊಲಕ್ಕೆ ಹೋಗಿ ನೋಡಿ ಬರೆಯತಕ್ಕ ಲೆಕ್ಕಕ್ಕೆ ಆ ಹೆಸರು ಒಪ್ಪುವುದು. ಆದರೆ ಬರೆಯುವವನೊಬ್ಬನು ನೋಡಿದರೆ ಸಾಲದು. ಬರೆದುದನ್ನು ರೈತನೂ ನೋಡಬೇಕು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಗೊಳಿಸಿತು. ಬಳಿಕ ಲೆಕ್ಕದ ಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಬಂದವು. ರಾಜ್ಯದಲ್ಲಿ ಸುಮಾರು 9,000 ಮಂದಿ ಲೆಕ್ಕಿಗರಿದ್ದರು. ಒಬ್ಬೊಬ್ಬನ ಪಾಲಿಗೆ ಮೂರು ನಾಲ್ಕು ಹಳ್ಳಿಗಳು ಬರುತ್ತಿದ್ದುದರಿಂದ, ಪಹಣಿಯ ನಕಲು ಬೇಕಾದ ರೈತನು ಅವನಿರುವ ಸ್ಥಳವನ್ನು ಹುಡುಕಿಕೊಂಡು ತಿರುಗಬೇಕಾಗುತ್ತಿತ್ತು.

2000ನೆಯ ಇಸವಿಯ ಸುಮಾರಿಗೆ ಕಂದಾಯ ಇಲಾಖೆಯವರು ಕೈಗೊಂಡ ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ಭೂಮಾಲಕರಿಗೆ ಸಂಬಂಧಿಸಿದ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ತಾಲೂಕಿನ ಕಟ್ಟೆಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿಯು ಕೈಗೆ ಬರುತ್ತಿತ್ತು. ಆ ಯೋಜನೆಯಲ್ಲಿ ಒಂದು ಸಣ್ಣ ಏರ್ಪಾಡನ್ನು ಮಾಡಿದ್ದರು. ನೌಕರನು ನೋಡುವ ಪರದೆಯಲ್ಲದೆ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ಮುಖಮಾಡಿ ಇರಿಸಿದ್ದರು. ಒಳಗೆ ಏನು ತೆರೆಯಲ್ಪಡುತ್ತಿದೆ, ಯಾವ ಅಕ್ಷರವು ಬೀಳುತ್ತಿದೆಯೆಂಬುದನ್ನು ಆತನು ನಿಂತಲ್ಲಿಯೇ ಕಾಣಬಹುದಾಗಿತ್ತು. ಓದು ಬಾರದವನಾದರೂ ಜೊತೆಗೆ ಬಂದ ಮಗನಿಂದ ಓದಿಸಿ ತಿಳಿದುಕೊಳ್ಳಬಹುದಾಗಿತ್ತು. ಯಂತ್ರಕ್ಕಿಂತಲೂ ಈ ಎರಡನೆಯ ಪರದೆಯೇ ಹೆಚ್ಚಿನದೆಂದು ಹೇಳಬೇಕು.

ಹಕ್ಕಿನ ವಿಷಯದಲ್ಲಿ ಇಷ್ಟು ಅನುಕೂಲವಾಗಿದ್ದರೂ ಬೆಳೆಯ ಕಾಲಮ್ಮಿನ ಕಡೆಗೆ ಊರಿನ ಲಕ್ಷ್ಯವು ಇನ್ನೂ ಹರಿದಿಲ್ಲ. ಪಹಣಿಯ 9ನೆಯ ಕಾಲಮ್ಮಿನಲ್ಲಿ ತನ್ನ ಹೆಸರೊಂದು ಸರಿಯಾಗಿದ್ದರೆ ಸಾಕೆಂದು ಎಣಿಸುವವರೇ ಬಹಳ; 12ನೆಯದನ್ನು ನೋಡುವವರು ವಿರಳ. 2020ನೆಯ ಇಸವಿಯ ಮುಂಗಾರಿನಿಂದ ರೈತನು ತಾನೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸುವ ಅವಕಾಶವಾಗಿದೆ. ಕಳುಹಿಸದ ಹೊಲಗಳ ಚಿತ್ರವನ್ನು ನೇಮಕವಾದ ಗ್ರಾಮದ ಯುವಕರು ತೆಗೆಯುವರು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಹಾನಿಯ ಪರಿಹಾರ ಇವೆಲ್ಲಕ್ಕೂ ಈ ಸಮೀಕ್ಷೆಯನ್ನೇ ಆಧಾರವಾಗಿ ನೋಡುವರು. ವಿಮೆಗೆ ತೊಗರಿಯೆಂದು ಬರೆಯಿಸಿ ಸಮೀಕ್ಷೆಯಲ್ಲಿ ಬೇರೊಂದು ಬೆಳೆಯು ಕಂಡುಬಂದರೆ ಅರ್ಜಿಯು ತಿರಸ್ಕೃತವಾಗುವುದು. 2022ರ ಮುಂಗಾರಿನ ತೊಗರಿಗೆ ನೆಟೆರೋಗವು ತಗಲಿ ಕಲಬುರಗಿ ಜಿಲ್ಲೆಯ ರೈತರು ಎಷ್ಟು ಕಂಗೆಟ್ಟರೆಂಬುದನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಅಂತಹ ವರ್ಷದಲ್ಲಿ ದಾಖಲೆಯ ತಪ್ಪೂ ಸೇರಿಕೊಂಡರೆ ರೈತನಿಗೆ ಎರಡು ಪೆಟ್ಟು ಬೀಳುವುದು.

ತಪ್ಪು ಯಾವಾಗಲೂ ದುರುದ್ದೇಶದಿಂದಲೇ ಆಗುವುದೆಂದು ತಿಳಿಯಬಾರದು. ಈ ಸೀಮೆಯಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದುಗಳನ್ನು ಹಾಕುವ ವಾಡಿಕೆಯುಂಟು. ಚಿತ್ರವನ್ನು ಬೇಗನೆ ತೆಗೆದರೆ ಹಬ್ಬಿದ ಹೆಸರಿನ ಬಳ್ಳಿಯು ಮುಂದಾಗಿ ತೊಗರಿಯು ಅಡಗುವುದು. ತಡವಾಗಿ ತೆಗೆದರೆ ಹೆಸರು ಕಿತ್ತುಹೋಗಿರುವುದು. ಮಿಶ್ರಬೆಳೆಯೆಂದು ಎರಡನ್ನೂ ಬರೆಯಿಸದಿದ್ದಲ್ಲಿ ಒಂದು ಬಿಟ್ಟುಹೋಗುವುದು ಖಂಡಿತ. ಪರ್ಸಿ ಕಲ್ಲಿನ ಖಣಿಯಿರುವ ನಂಬರುಗಳಲ್ಲಿ ಅರ್ಧ ಹೊಂಡ, ಅರ್ಧ ಹೊಲ; ಅಲ್ಲಿ ಬಿತ್ತಿದ ಎಕರೆ ಗುಂಟೆಗಳನ್ನು ಅಳೆದು ಹೇಳುವವರು ಬೇಕು. ಇನ್ನು ಪಟ್ಟಣದಲ್ಲಿ ವಾಸಿಸುತ್ತ ಜಮೀನನ್ನು ಪಾಲಿಗೆ ಕೊಟ್ಟ ಮಾಲಕರಿಗೆ ಆ ವರ್ಷ ಏನು ಬಿತ್ತಿದರೆಂಬುದೇ ತಿಳಿಯದು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಖಾತೆಯನ್ನು ಉಳಿಸಿಕೊಂಡವರ ಪಾಡು ಬೇರೆಯೇ. ಅವರು ಮೊದಲು ಪೌತಿ ಖಾತೆಯನ್ನು ಮಾಡಿಸಿಕೊಳ್ಳತಕ್ಕದ್ದು.

ಇದಕ್ಕೆ ಉಪಾಯವು ಊರೊಳಗೇ ಇದೆ. ಪಂಚಾಯತಿ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಯನ್ನು ಕೂಡಿಸಲೇಬೇಕು. ಗ್ರಾಮಸಭೆಯೆಂದರೆ ಮನೆಗಳ ಫಲಾನುಭವಿಗಳನ್ನು ಆರಿಸುವ ದಿನವೆಂಬ ಭಾವನೆಯು ಬೇರೂರಿರುವುದು ವಿಷಾದಕರವು. ಅದೇ ಸಭೆಯಲ್ಲಿ ಗ್ರಾಮ ಆಡಳಿತಾಧಿಕಾರಿಯನ್ನೂ ಕೃಷಿ ಇಲಾಖೆಯ ನೌಕರರನ್ನೂ ಬರಮಾಡಿಕೊಂಡು ಬೆಳೆಯ ಯಾದಿಯನ್ನು ಓದಿಸಬಹುದು. ಎಲ್ಲ ಸರ್ವೆ ನಂಬರುಗಳನ್ನು ಓದಹೊರಟರೆ ಜನರು ಎದ್ದುಹೋದಾರು. ಆದುದರಿಂದ ಪೂರ್ಣ ಯಾದಿಯನ್ನು ವಾರ ಮುಂಚೆ ಚಾವಡಿಯ ಗೋಡೆಗೆ ಅಂಟಿಸಿ, ಡಂಗುರ ಹೊಡೆಯಿಸಿ, ಸಭೆಯಲ್ಲಿ ಪಾಳೆಂದು ಬರೆದವುಗಳನ್ನೂ ಬೆಳೆಯೇ ಬರೆಯದವುಗಳನ್ನೂ ವಿಮೆಯೊಡನೆ ತಾಳೆಯಾಗದವುಗಳನ್ನೂ ಮಾತ್ರ ಓದಿದರೆ ಸಾಕು. ಹೊಲವುಳ್ಳ ಹೆಣ್ಣುಮಕ್ಕಳು ಸಭೆಗೆ ಬರಲು ಹಿಂಜರಿಯುವಲ್ಲಿ ಓಣಿಯ ವಾರ್ಡು ಸಭೆಯಲ್ಲಿ ಅವರ ನಂಬರುಗಳನ್ನು ವಿಚಾರಿಸತಕ್ಕದ್ದು.

ನೆರೆಯವನ ಲೆಕ್ಕವು ತನಗೇಕೆಂದು ಕೆಲವರು ಕೇಳುವರು. ವಿಮೆಯ ಒಂದು ಘಟಕದಲ್ಲಿ ವಿಮೆ ಮಾಡಿಸಿದ ಕ್ಷೇತ್ರವು ನಿಜವಾಗಿ ಬಿತ್ತಿದ ಕ್ಷೇತ್ರಕ್ಕಿಂತ ಹೆಚ್ಚಾದರೆ, ಆ ಘಟಕದ ವಿಮಾದಾರರೆಲ್ಲರ ಮೊತ್ತವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುವ ನಿಯಮವುಂಟು. ಹತ್ತು ಎಕರೆ ಬಿತ್ತಿ ಹದಿನೈದೆಂದು ಬರೆಯಿಸಿದವನು ಸರಕಾರವನ್ನಲ್ಲ, ಬದುವಿನಾಚೆಯ ತಮ್ಮನನ್ನೇ ವಂಚಿಸಿದಂತಾಗುವುದು. ಇದನ್ನು ತಡೆಯಬಲ್ಲವರು ಊರವರ ಹೊರತು ಬೇರಾರೂ ಇಲ್ಲ. ಇಳುವರಿಯನ್ನು ಗೊತ್ತುಮಾಡಲು ನಡೆಯುವ ಬೆಳೆ ಕಟಾವು ಪ್ರಯೋಗದ ದಿನವನ್ನೂ ಹಾಗೆಯೇ ಮುಂಚಿತವಾಗಿ ಸಾರಿ, ನಾಲ್ಕಾರು ಹಿರಿಯರು ತೂಕದ ಹತ್ತಿರ ನಿಲ್ಲುವುದು ಉಚಿತ.

ಸಮೀಕ್ಷೆಯ ಮೇಲೆ ತಕರಾರು ಹೇಳಲು ‘ಬೆಳೆ ದರ್ಶಕ’ವೆಂಬ ಮೊಬೈಲ್ ಆ್ಯಪಿನಲ್ಲಿ ಅವಕಾಶವಿರುವುದು, ಮೊಬೈಲಿಲ್ಲದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಬಹುದು. ಆದರೆ ತಕರಾರಿಗೆ ಅವಧಿಯುಂಟು; ಅದು ಮುಗಿದ ಬಳಿಕ ಅಲೆದಾಡಿ ಫಲವಿಲ್ಲ. ಈ ಸೀಮೆಯಲ್ಲಿ ಯಾದಿಯನ್ನು ಓದಲು ಮಹಾನವಮಿಯ ಮುಂಚಿನ ದಿನಗಳೇ ತಕ್ಕವು. ಆ ವೇಳೆಗೆ ಹೆಸರು, ಉದ್ದು ಮನೆಗೆ ಬಂದಿದ್ದರೂ ಅವುಗಳ ಕೂಳೆಯು ಸಾಲಿನಲ್ಲಿ ಕಾಣುವುದು. ತೊಗರಿಯು ಎದೆಯೆತ್ತರಕ್ಕೆ ನಿಂತಿರುವುದು. ಯಾರ ಮಾತಿನಲ್ಲಿ ಸಂಶಯ ಬಂದರೂ ಸಭೆಯಿಂದೆದ್ದು ಹೊಲಕ್ಕೆ ಹೋಗಿ ನೋಡಿ ಬರಬಹುದು.